‘ತುಂಬಾ ಚೆನ್ನಾಗಿತ್ತು’ ಎಂಬ ಅಗೌರವ

ಹೊರನಾಡಿನ ಕನ್ನಡ ಸಂಘಗಳಲ್ಲಿ ಮಕ್ಕಳ ಸಂಗೀತ ಮುಗಿದೊಡನೆ ಕೇಳಿಬರುವ ಮಾತು ಒಂದೇ: ‘ತುಂಬಾ ಚೆನ್ನಾಗಿತ್ತು’. ವಚನ ಹಾಡಿದ ಏಳು ವರ್ಷದ ಹುಡುಗನಿಗೂ, ಕೀಬೋರ್ಡಿನಲ್ಲಿ ಭಾವಗೀತೆ ನುಡಿಸಿದ ಹದಿಮೂರರ ಹುಡುಗಿಗೂ, ತಬಲಾ ನುಡಿಸಿ ಬೆವರಿದ ತರುಣನಿಗೂ ಅದೇ ಮಾತು, ಅದೇ ಶಾಲು, ಅದೇ ನೆನಪಿನ ಕಾಣಿಕೆ. ಇದನ್ನು ಪ್ರೀತಿಯೆಂದು ಬಗೆಯುವುದು ರೂಢಿ. ನಾವು ಇದನ್ನು ಅಗೌರವವೆಂದು ಕರೆಯುತ್ತೇವೆ. ಎದುರಿಗೆ ಕುಳಿತವರು ಕಿವಿಗೊಡಲೇ ಇಲ್ಲವೆಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕಿಲ್ಲ.

ನಾವು ಕೇಂದ್ರ ಸರ್ಕಾರದ ನೌಕರಿಯಲ್ಲಿರುವವರು. ‘ಚೆನ್ನಾಗಿದೆ’ ಎಂಬ ಮಾತು ಮನುಷ್ಯನನ್ನು ಹೇಗೆ ಕೆಡವಬಲ್ಲದೆಂಬುದು ನಮ್ಮ ಇಲಾಖೆಗಳಿಗೆ ಹೊಸತಲ್ಲ. ಗಡಿ ರಸ್ತೆಗಳ ಸೇವೆಯಲ್ಲಿ ಕಾರ್ಯನಿರ್ವಾಹಕ ಇಂಜಿನಿಯರರಾಗಿದ್ದ ದೇವ್ ದತ್ತ ಅವರ 1993–94ರ ಗೋಪ್ಯ ವರದಿಯಲ್ಲಿ ‘ಗುಡ್’ ಎಂದು ದಾಖಲಾಗಿತ್ತು. ಬಡ್ತಿಗೆ ಸತತ ಐದು ವರ್ಷ ‘ವೆರಿ ಗುಡ್’ ಇರಬೇಕಿತ್ತು. ‘ಗುಡ್’ ಎಂಬುದು ನಿಂದೆಯಲ್ಲವಾದ್ದರಿಂದ ಅದನ್ನು ಅವರಿಗೆ ತಿಳಿಸುವ ಅಗತ್ಯವಿಲ್ಲವೆಂದು ಇಲಾಖೆ ಸುಮ್ಮನಿತ್ತು. ಬಡ್ತಿ ಕೈತಪ್ಪಿತು. 2008ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ವರದಿಯ ಪ್ರತಿಯೊಂದು ನಮೂದನ್ನೂ ನೌಕರನಿಗೆ ತಿಳಿಸತಕ್ಕದ್ದೆಂದು ತೀರ್ಪಿತ್ತಿತು. ಮರುವರ್ಷ ಹೊರಟ ಆದೇಶದಂತೆ ಇಡೀ ವರದಿಯನ್ನು ತೋರಿಸಿ, ಆಕ್ಷೇಪಿಸಲು 15 ದಿನಗಳ ಅವಕಾಶವನ್ನೂ ಕೊಡಬೇಕಾಯಿತು. ಬೇರೆಡೆ ಅಳೆಯುವ ಕೋಲೇ ಬೇರೆಯಾಗಿದ್ದು, ಅದನ್ನು ಮುಚ್ಚಿಟ್ಟು ‘ಚೆನ್ನಾಗಿದೆ’ ಎಂದರೆ ಅದು ಹೊಗಳಿಕೆಯಲ್ಲ, ವಂಚನೆ. ಕಡತ ಹೊರುವವರಿಗೆ ಸಿಕ್ಕ ಈ ನ್ಯಾಯ ತಂಬೂರಿಯ ಮುಂದೆ ಕುಳಿತ ಮಕ್ಕಳಿಗೆ ಇನ್ನೂ ಸಿಕ್ಕಿಲ್ಲ.

ನಾವು ಬಲ್ಲ ಒಬ್ಬ ಹುಡುಗಿ ಉತ್ತರದ ಬೇರೊಂದು ನಗರದಲ್ಲಿ ಬೆಳೆದವಳು. ಆರು ವರ್ಷ ಅಲ್ಲಿನ ಪ್ರತಿ ರಾಜ್ಯೋತ್ಸವದಲ್ಲೂ ಹಾಡಿದಳು. ಆರು ಶಾಲು ಬಂದವು. ಏಳನೆಯ ವರ್ಷ ಸಂಗೀತ ಕಾಲೇಜೊಂದರ ಪ್ರವೇಶ ಪರೀಕ್ಷೆಗೆ ಕುಳಿತಾಗ ಪರೀಕ್ಷಕರು ಎರಡೇ ನಿಮಿಷದಲ್ಲಿ ಹೇಳಿದರು: ಅವರೋಹದಲ್ಲಿ ಷಡ್ಜವನ್ನು ಸೇರುವಾಗ ಸ್ವರ ಪ್ರತಿಸಲವೂ ಕೂದಲೆಳೆಯಷ್ಟು ಕೆಳಗಿಳಿಯುತ್ತದೆ. ಆಯ್ಕೆಯಾಗಲಿಲ್ಲ. ಸಂಘದಲ್ಲಿ ಸ್ವರಜ್ಞಾನವುಳ್ಳವರು ಇರಲಿಲ್ಲವೆಂದಲ್ಲ. ಅವರಲ್ಲೊಬ್ಬರು ಆಮೇಲೆ, ‘ಅದು ನನಗೆ ಮೊದಲಿನಿಂದಲೂ ಕೇಳಿಸುತ್ತಿತ್ತು, ಮಗುವಿನ ಮನಸ್ಸು ನೋಯಿಸುವುದೇಕೆಂದು ಸುಮ್ಮನಿದ್ದೆ’ ಎಂದರಂತೆ. ಆರು ವರ್ಷ ನೋಯಿಸದೆ ಉಳಿಸಿದ ಮನಸ್ಸು ಏಳನೆಯ ವರ್ಷ ಅಪರಿಚಿತರ ಮುಂದೆ ಒಡೆಯಿತು. ಹನ್ನೊಂದರ ವಯಸ್ಸಿನಲ್ಲಿ ತಿಂಗಳೆರಡು ತಿಂಗಳ ಸಾಧನೆಯಿಂದ ತಿದ್ದಬಹುದಾಗಿದ್ದ ದೋಷ ಹದಿನೇಳಕ್ಕೆ ಕಂಠದ ಸ್ವಭಾವವಾಗಿತ್ತು. ಇದರ ಹೊಣೆ ಯಾರದು?

ಕಾಶಿಯಲ್ಲಿ ವಾಸವಾಗಿರುವ ನಮಗೆ ಬೇರೊಂದು ಬಗೆಯ ಕೇಳ್ಮೆಯ ಪರಿಚಯ ದಿನವೂ ಆಗುತ್ತದೆ. 1923ರಿಂದ ನಡೆದುಬಂದಿರುವ ಸಂಕಟಮೋಚನ ಸಂಗೀತ ಸಮಾರೋಹದಲ್ಲಿ ದೇವಾಲಯದ ಅಂಗಳದಲ್ಲಿ ಇರುಳಿಡೀ ಕುಳಿತಿರುವ ಜನರನ್ನು ನೋಡಬೇಕು. ‘ಹರ ಹರ ಮಹಾದೇವ’ ಎಂಬ ಉದ್ಗಾರವೇ ಇಲ್ಲಿನ ಚಪ್ಪಾಳೆ. ಆದರೆ ಅದು ಎಲ್ಲಿ ಬೀಳುತ್ತದೆಂಬುದನ್ನು ಗಮನಿಸಿ. ತಿಹಾಯಿಯ ಮೂರನೆಯ ಸುತ್ತು ಸಮದ ಮೇಲೆ ಕರಾರುವಾಕ್ಕಾಗಿ ಬಂದು ಕುಳಿತ ಕ್ಷಣದಲ್ಲಿ ಬೀಳುತ್ತದೆ; ಕೂದಲೆಳೆಯಷ್ಟು ತಪ್ಪಿದರೆ ಬೀಳುವುದಿಲ್ಲ. ತಬಲೆಯ ಬನಾರಸ್ ಘರಾನೆಯನ್ನು ಕಟ್ಟಿದ ಪಂಡಿತ ರಾಮ್ ಸಹಾಯರ ಊರಿದು. ಕಬೀರ್ ಚೌರಾದ ಗಲ್ಲಿಗಳಲ್ಲಿ ಬೆಳೆದವರಿಗೆ ತಾಳದ ಲೆಕ್ಕ ಉಸಿರಾಟದಷ್ಟು ಸಹಜ. ವೇದಿಕೆಯ ಮೇಲಿನ ಯುವಕನಿಗೆ ಆ ಮೌನವೇ ಸಾಕು, ಯಾವ ಮಾತ್ರೆಯಲ್ಲಿ ಕಾಲು ಜಾರಿತೆಂಬುದು ಅವನಿಗೆ ಗೊತ್ತಾಗಿಬಿಡುತ್ತದೆ. ಕೊನೆಯಲ್ಲಿ ಎಲ್ಲರೂ ಎದ್ದು ತಟ್ಟುವ ಚಪ್ಪಾಳೆಯಲ್ಲಿ ಈ ವಿವೇಕವಿಲ್ಲ. ಇಲ್ಲಿನ ಕೇಳುಗ ಹೊಗಳುವಾಗಲೂ ಜಾಗ ತೋರಿಸಿ ಹೊಗಳುತ್ತಾನೆ. ನಮ್ಮವರು ಹೊಗಳುವಾಗ ಹಾಡನ್ನು ಬಿಟ್ಟು ಹಾಡಿದವರ ತಂದೆಯ ಹುದ್ದೆಯನ್ನು ನೋಡುತ್ತಾರೆ. (ಇದು ಕಟುವಾಯಿತೆನ್ನುವವರು, ಅಧ್ಯಕ್ಷರ ಮಗನಿಗೂ ಗುಮಾಸ್ತರ ಮಗನಿಗೂ ಬೀಳುವ ಚಪ್ಪಾಳೆಯನ್ನು ಗಡಿಯಾರ ಹಿಡಿದು ಅಳೆಯಲಿ.) ಎಂ.ಎ. ತರಗತಿಯಲ್ಲಿ ನಾವು ಓದಿದ ಐ.ಎ. ರಿಚರ್ಡ್ಸರು ಕವಿಯ ಹೆಸರನ್ನು ಮರೆಮಾಡಿ ಕವಿತೆಗಳನ್ನು ಕೇಂಬ್ರಿಜ್ ವಿದ್ಯಾರ್ಥಿಗಳ ಕೈಗಿತ್ತು ಅಭಿಪ್ರಾಯ ಬರೆಸಿಕೊಂಡರು. 1929ರ ಅವರ ಗ್ರಂಥ ಹುಟ್ಟಿದ್ದು ಹಾಗೆ. ನಮ್ಮ ಸಭೆಗಳಲ್ಲಿ ಮಕ್ಕಳನ್ನು ಪರದೆಯ ಹಿಂದೆ ಕೂರಿಸಿ ಹಾಡಿಸಿದರೆ ಎಷ್ಟು ‘ಅದ್ಭುತ’ಗಳು ಉಳಿದಾವು?

ಆಕ್ಷೇಪವೊಂದು ಸಿದ್ಧವಾಗಿಯೇ ಇರುತ್ತದೆ: ‘ಊರು ಬಿಟ್ಟು ಇಷ್ಟು ದೂರ ಬಂದು ಕನ್ನಡ ಹಾಡುವುದೇ ಹೆಚ್ಚು, ತಪ್ಪು ಹಿಡಿದರೆ ಅದನ್ನೂ ಬಿಟ್ಟುಬಿಡುತ್ತಾರೆ.’ ಇದು ಮಕ್ಕಳ ಮೇಲಿನ ಮಮತೆಯಲ್ಲ, ಕನ್ನಡದ ಮೇಲಿನ ಅಪನಂಬಿಕೆ. ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ ಎಂಬ ಬಾಲಕ ದೊಡ್ಡ ಗವಾಯಿಗಳ ಧ್ವನಿಮುದ್ರಿಕೆ ಕೇಳಿ ಹಾಗೆಯೇ ಹಾಡಿ ತೋರಿಸುತ್ತಿದ್ದ. ಎಳೆವಯಸ್ಸಿನಲ್ಲೇ ‘ಕುಮಾರ ಗಂಧರ್ವ’ ಎಂಬ ಬಿರುದೂ ಬಂತು. ಹಿರಿಯರು ಅಲ್ಲಿಗೇ ನಿಲ್ಲಿಸಲಿಲ್ಲ, ಮುಂಬೈಯಲ್ಲಿ ಬಿ.ಆರ್. ದೇವಧರರ ಬಳಿ ವರ್ಷಗಟ್ಟಲೆ ಕಲಿಯಲು ಬಿಟ್ಟರು. ಗಂಧರ್ವನೆನಿಸಿಕೊಂಡವನಿಗೂ ಪಾಠ ಬೇಕಾಗಿತ್ತು. ನಮ್ಮ ‘ಬಾಲಪ್ರತಿಭೆ’ಗಳಿಗೆ ಬೇಡವೇ?

ಹಾಗೆಂದು ಬೈಗುಳವನ್ನು ವಿಮರ್ಶೆಯೆಂದು ನಾವು ಎತ್ತಿಹಿಡಿಯುತ್ತಿಲ್ಲ. ತುಂಬಿದ ಸಭೆಯಲ್ಲಿ ಶಿಷ್ಯನನ್ನು ಹೀಯಾಳಿಸುವ ಗುರುವೂ, ಎಲ್ಲಕ್ಕೂ ತಲೆದೂಗುವ ಸಂಘದ ಕಾರ್ಯದರ್ಶಿಯೂ ಒಂದೇ ಕೆಲಸವನ್ನು ತಪ್ಪಿಸಿಕೊಳ್ಳುತ್ತಾರೆ. ಕಿವಿಗೊಟ್ಟು ಕೇಳಿ, ಕೇಳಿದ್ದನ್ನು ಗುರುತಿಸಿ ಹೇಳುವ ಶ್ರಮ ಇಬ್ಬರಿಗೂ ಬೇಡ.

ಆ ಶ್ರಮ ಹೇಗಿರುತ್ತದೆಂಬುದನ್ನು ಪಿಯಾನೊ ಕಲಿಯುವ ಮಕ್ಕಳ ಪರೀಕ್ಷೆಯಲ್ಲಿ ನೋಡಬಹುದು. ಬೆಂಗಳೂರಿನಲ್ಲೂ ಹೊರದೇಶಗಳಲ್ಲೂ ಎಷ್ಟೋ ಕನ್ನಡ ಮನೆಗಳ ಮಕ್ಕಳು ಬರೆಯುವ, 1889ರಲ್ಲಿ ಸ್ಥಾಪನೆಯಾದ ಲಂಡನ್ನಿನ ಎ.ಬಿ.ಆರ್.ಎಸ್.ಎಂ. ಮಂಡಳಿಯ ಪರೀಕ್ಷೆಗೆ ಒಟ್ಟು 150 ಅಂಕ. 100 ಬಂದರೆ ತೇರ್ಗಡೆ, 130ಕ್ಕೆ ಅತ್ಯುನ್ನತ ದರ್ಜೆ. ಮುಖ್ಯವಾದುದು ಅಂಕವಲ್ಲ. ನುಡಿಸಿದ ಒಂದೊಂದು ಕೃತಿಗೂ ಪರೀಕ್ಷಕರು ತಮಗೆ ಕೇಳಿಸಿದ್ದನ್ನು ಕೆಲವು ಸಾಲುಗಳಲ್ಲಿ ಬರೆದುಕೊಡುತ್ತಾರೆ. ಎಡಗೈಯ ಸದ್ದು ಬಲಗೈಯ ರಾಗವನ್ನು ಮುಚ್ಚಿತು. ಪೆಡಲನ್ನು ಹೊತ್ತಿಗೆ ಸರಿಯಾಗಿ ಬಿಡದೆ ಒಂದು ಸ್ವರಮೇಳ ಇನ್ನೊಂದರ ಮೇಲೆ ಹರಿದು ಕಲಸಿತು. ಸುಲಭದ ಭಾಗದಲ್ಲಿ ಲಯ ಓಡಿ, ಕಷ್ಟದ ಭಾಗದಲ್ಲಿ ತಡವರಿಸಿತು. ಇಂಥ ಮಾತನ್ನು ಮಗು ಮರುದಿನವೇ ವಾದ್ಯದ ಮುಂದೆ ಪರೀಕ್ಷಿಸಿ ನೋಡಬಹುದು. ‘ಇನ್ನೂ ಭಾವ ಬೇಕು’ ಎಂಬುದನ್ನು ಯಾವ ಬೆರಳಿನಿಂದ ಅಭ್ಯಾಸ ಮಾಡುವುದು? ಪರೀಕ್ಷೆಯ ಹಣ, ಪರಂಗಿಯವರ ಅಳತೆಗೋಲು ಇವುಗಳ ಬಗ್ಗೆ ನಮಗೂ ತಕರಾರುಗಳುಂಟು, ಅದು ಬೇರೆ ಮಾತು.

ಸ್ವರ ತಿಳಿಯದವರೂ ಹೇಳಬಹುದಾದದ್ದು ಬೇಕಾದಷ್ಟಿದೆ. ಹಿಂದಿ ಪ್ರದೇಶದಲ್ಲಿ ಬೆಳೆದ ನಮ್ಮ ಮಕ್ಕಳ ಬಾಯಲ್ಲಿ ‘ಳ’ಕಾರ ಕರಗಿಹೋಗಿ ಹಳ್ಳಿಯೆಲ್ಲ ಹಲ್ಲಿಯಾಗುತ್ತಿದೆ, ವಚನದ ಪದವನ್ನು ಅರ್ಧಕ್ಕೆ ತುಂಡರಿಸಿ ಉಸಿರೆಳೆದುಕೊಳ್ಳುವುದರಿಂದ ಅರ್ಥವೇ ಕೆಡುತ್ತಿದೆ. ಇದನ್ನು ತಿದ್ದಲು ಸಂಗೀತ ವಿದ್ವಾಂಸರೇ ಬರಬೇಕಾಗಿಲ್ಲ. ಕನ್ನಡ ಬಲ್ಲ ಅಜ್ಜಿಯೊಬ್ಬರು ಸಾಕು. ಆದರೆ ಒಂದೇ ಸಲಕ್ಕೆ ಹತ್ತು ದೋಷ ಸುರಿಯಬಾರದು. ಕುಂದಗೋಳದಲ್ಲಿ ಸವಾಯಿ ಗಂಧರ್ವರು, ಹುಬ್ಬಳ್ಳಿಯಿಂದ ರೈಲು ಹತ್ತಿ ಬರುತ್ತಿದ್ದ ಗಂಗೂಬಾಯಿ ಹಾನಗಲ್ಲರಿಗೆ ಕೆಲವೇ ಸ್ವರಪುಂಜಗಳನ್ನು ಕೊಟ್ಟು, ಅವು ಕೈವಶವಾಗುವವರೆಗೆ ತಿರುತಿರುಗಿ ಹಾಡಿಸುತ್ತಿದ್ದರು. ನಾವೂ ಕೃಪಣರಾಗೋಣ: ನಿಜವಾಗಿ ಚೆನ್ನಾಗಿದ್ದ ಒಂದು ಜಾಗ, ತಿದ್ದಬೇಕಾದ ಒಂದು ಜಾಗ. ಅದೂ ವೇದಿಕೆಯ ಮೇಲೆ ಧ್ವನಿವರ್ಧಕದಲ್ಲಲ್ಲ. ಮರುದಿನ, ಮಗುವಿನ ಎದುರು ಕುಳಿತು, ‘ನಿನಗೆ ಎಲ್ಲಿ ಕಷ್ಟವೆನಿಸಿತು?’ ಎಂದು ಮೊದಲು ಅದರ ಬಾಯಿಂದಲೇ ಕೇಳಿಕೊಂಡು.

ಆದ್ದರಿಂದ ಮುಂದಿನ ನವೆಂಬರಿಗೆ ನಮ್ಮ ಬೇಡಿಕೆ ಸ್ಪಷ್ಟವಾಗಿದೆ. ಶಾಲಿನ ಹಣ ಉಳಿಯಲಿ. ಹಾಡಿದ, ನುಡಿಸಿದ ಪ್ರತಿ ಮಗುವಿಗೂ ಅರ್ಧ ಹಾಳೆ ಸಿಗಲಿ. ಅದರಲ್ಲಿ ಮೂರು ವಾಕ್ಯ, ಕೆಳಗೆ ಬರೆದವರ ಸಹಿ. ‘ತುಂಬಾ ಚೆನ್ನಾಗಿತ್ತು’ ಎಂದಷ್ಟೇ ಬರೆದ ಹಾಳೆಯನ್ನು ಸಂಘ ಹಿಂದಿರುಗಿಸಲಿ. ಬರೆದದ್ದು ಸರಿಯಲ್ಲವೆಂದು ಕಂಡರೆ 15 ದಿನಗಳೊಳಗೆ ಆಕ್ಷೇಪಿಸುವ ಹಕ್ಕು ನಮ್ಮ ನೌಕರರಂತೆ ಆ ಮಗುವಿಗೂ ಇರಲಿ, ಮತ್ತು ಬರೆದವರು ಅದಕ್ಕೆ ಉತ್ತರ ಕೊಡಲಿ.