ಅಮೆಜಾನಿಗೆ ಟಿಕೆಟ್ ತೆಗೆಯುವ ಮುನ್ನ

ಮಕ್ಕಳು ಕೈತುಂಬ ಸಂಪಾದಿಸುತ್ತಿರುವ ಮನೆಗಳಲ್ಲಿ ಅಪ್ಪ ಅಮ್ಮನ ಮದುವೆಯ ನಲವತ್ತನೇ ವರ್ಷವನ್ನು ಆಚರಿಸುವ ಬಗೆ ಬದಲಾಗಿದೆ. ಹಿಂದೆ ಸತ್ಯನಾರಾಯಣ ಪೂಜೆ, ನೆಂಟರಿಷ್ಟರಿಗೆ ಊಟ, ಹೆಚ್ಚೆಂದರೆ ಒಂದು ರೇಷ್ಮೆ ಸೀರೆ. ಈಗ ಲಕೋಟೆಯೊಳಗೆ ವಿಮಾನದ ಟಿಕೆಟ್. ಸಿಂಗಪುರ, ದುಬೈ ನೋಡಿಯಾದವರಿಗೆ ಟಿ.ವಿ.ಯಲ್ಲಿ ಕಂಡ ಅಮೆಜಾನ್ ಕಾಡಿನ ಆಸೆ. ಬ್ರೆಜಿಲಿನ ಮನಾಸ್ ನಗರಕ್ಕೆ ಹೋಗಿ, ಅಲ್ಲಿಂದ ದೋಣಿಯಲ್ಲಿ ಕಾಡಿನ ವಸತಿಗೃಹ ತಲುಪಿ, ಕಪ್ಪು ನೀರಿನ ರಿಯೋ ನೀಗ್ರೊ ನದಿಯೂ ಕಂದು ನೀರಿನ ಸೊಲಿಮೋಯಿಸ್ ನದಿಯೂ ಬೆರೆಯದೆ ಪಕ್ಕಪಕ್ಕದಲ್ಲೇ ಹರಿಯುವುದನ್ನು ನೋಡುವುದು ಯಾರಿಗೆ ಬೇಡ? ಆಸೆ ತಪ್ಪಲ್ಲ. ವಯಸ್ಸೂ ಅಡ್ಡಿಯಲ್ಲ. ನನ್ನ ತಕರಾರು ಇರುವುದು ಆ ಲಕೋಟೆಯ ಗುಟ್ಟಿನ ಬಗ್ಗೆ.

ಉಡುಗೊರೆ ಅಚ್ಚರಿಯಾಗಿರಲಿ ಎಂದು ಮಕ್ಕಳು ಹಬ್ಬದ ದಿನದವರೆಗೂ ಬಾಯಿ ಬಿಡುವುದಿಲ್ಲ. ಹೊರಡಲು ಹತ್ತು ಹನ್ನೆರಡು ದಿನ ಉಳಿದಿರುತ್ತದೆ. ಸೀರೆಯ ವಿಷಯದಲ್ಲಿ ಇದು ನಡೆದೀತು. ಮಳೆಕಾಡಿನ ದೇಶದ ವಿಷಯದಲ್ಲಿ ನಡೆಯದು. ಇಲ್ಲಿ ಮೊದಲು ವೈದ್ಯರ ಕೋಣೆ, ಆಮೇಲೆ ಟ್ರಾವೆಲ್ ಏಜೆಂಟರ ಕಚೇರಿ. ಕಾರಣ, ಹಳದಿ ಜ್ವರ.

ಇದು ನಮ್ಮಲ್ಲಿ ಇಲ್ಲದ ಕಾಯಿಲೆ. ಆಫ್ರಿಕದ ಮತ್ತು ದಕ್ಷಿಣ ಅಮೆರಿಕದ ಉಷ್ಣವಲಯದ ಕಾಡುಗಳಲ್ಲಿ ಕೋತಿಗಳಲ್ಲಿದ್ದು, ಸೊಳ್ಳೆಯ ಮೂಲಕ ಮನುಷ್ಯನಿಗೆ ಬರುವ ವೈರಸ್ ಕಾಯಿಲೆ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗಲೇ ಮಂಗನ ಕಾಯಿಲೆಯ ಸುಳಿವು ಸಿಕ್ಕಿತ್ತು. ಬ್ರೆಜಿಲಿನಲ್ಲೂ ಹಾಗೆಯೇ, ಕಾಡಿನಲ್ಲಿ ಕೂಗು ಕೋತಿಗಳು ಸಾಯತೊಡಗಿದರೆ ಹಳದಿ ಜ್ವರ ಬಂತೆಂದು ಆರೋಗ್ಯ ಇಲಾಖೆ ಎಚ್ಚರಗೊಳ್ಳುತ್ತದೆ. ಎರಡೂ ವೈರಸ್ಸುಗಳು ಒಂದೇ ಕುಲದವು. ನಮ್ಮದು ಉಣ್ಣೆಯಿಂದ ಹರಡುತ್ತದೆ, ಅವರದು ಸೊಳ್ಳೆಯಿಂದ. 2016ರ ಕೊನೆಯಿಂದ 2018ರವರೆಗೆ ಹಳದಿ ಜ್ವರ ಅಮೆಜಾನಿನಾಚೆಗೂ ದಾಟಿ ಮಿನಾಸ್ ಜೆರಾಯಿಸ್, ಸಾವೊ ಪಾಲೊ, ರಿಯೊ ರಾಜ್ಯಗಳಲ್ಲಿ ನೂರಾರು ಜನರನ್ನು ಬಲಿ ತೆಗೆದುಕೊಂಡಿತು. ಹೆಚ್ಚಿನವರಿಗೆ ಜ್ವರ, ಮೈಕೈ ನೋವು ಬಂದು ಇಳಿಯುತ್ತದೆ. ಕೆಲವರಲ್ಲಿ ಮಾತ್ರ ಒಂದು ದಿನ ಬಿಟ್ಟು ಮತ್ತೆ ಏರಿ ಕಾಮಾಲೆ, ರಕ್ತಸ್ರಾವ, ಮೂತ್ರಪಿಂಡದ ವೈಫಲ್ಯ ಕಾಣಿಸುತ್ತದೆ. ಆ ಹಂತ ತಲುಪಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಉಳಿಯುವುದಿಲ್ಲ. ಇದನ್ನು ಗುಣಪಡಿಸುವ ಔಷಧ ಇಲ್ಲ. ಒಳ್ಳೆಯ ಲಸಿಕೆ ಇದೆ.

ಈ ಲಸಿಕೆಯನ್ನು ಕಂಡುಹಿಡಿದ ಮ್ಯಾಕ್ಸ್ ಥೈಲರ್ 1951ರ ನೊಬೆಲ್ ಪಡೆದರು. ಒಮ್ಮೆ ಚುಚ್ಚಿಸಿಕೊಂಡರೆ ಸಾಕು. ಮೊದಲು ಹತ್ತು ವರ್ಷವಿದ್ದ ಪ್ರಮಾಣಪತ್ರದ ಅವಧಿಯನ್ನು 2016ರ ಜುಲೈಯಿಂದ ಜೀವಮಾನಕ್ಕೆ ವಿಸ್ತರಿಸಿದ್ದಾರೆ. ಆದರೆ ಪ್ರಮಾಣಪತ್ರ ಊರ್ಜಿತವಾಗುವುದು ಚುಚ್ಚುಮದ್ದಿನ ಹತ್ತು ದಿನಗಳ ನಂತರ. ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಕೊಡುತ್ತಾರೆ, ಬೀದಿ ಕೊನೆಯ ಕ್ಲಿನಿಕ್ಕಿನಲ್ಲಿ ಸಿಗುವುದಿಲ್ಲ. ಒಂದು ಸೀಸೆಯಲ್ಲಿ ಹಲವರಿಗಾಗುವಷ್ಟು ಮದ್ದು ಇರುವುದರಿಂದ ಮೊದಲೇ ಹೆಸರು ಬರೆಸಿ, ಅವರು ಹೇಳಿದ ದಿನ ಹೋಗಬೇಕಾಗುತ್ತದೆ. ಹನ್ನೆರಡು ದಿನದ ಅಚ್ಚರಿಯ ಲೆಕ್ಕ ಇಲ್ಲೇ ತಪ್ಪುತ್ತದೆ.

ಹೋಗುವಾಗ ಯಾರೂ ಕೇಳದಿದ್ದರೂ ಬರುವಾಗ ನಮ್ಮವರೇ ಕೇಳುತ್ತಾರೆ. ಡೆಂಗೆ ಹರಡುವ ಈಡಿಸ್ ಸೊಳ್ಳೆಯೇ ಹಳದಿ ಜ್ವರವನ್ನೂ ಹರಡಬಲ್ಲದು. ಆ ಸೊಳ್ಳೆ ನಮ್ಮ ಹೂಕುಂಡ, ಸಂಪು, ಹಳೆಯ ಟೈರುಗಳಲ್ಲಿ ಧಾರಾಳವಾಗಿದೆ. ವೈರಸ್ ಒಂದು ಮಾತ್ರ ಇಲ್ಲ. ಅದಕ್ಕೇ ಪ್ರಮಾಣಪತ್ರವಿಲ್ಲದೆ ಆ ದೇಶಗಳಿಂದ ಬಂದಿಳಿದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುವ ಕಾನೂನು. ಇದನ್ನು ಕಿರುಕುಳ ಎನ್ನುವವರಿದ್ದಾರೆ. ನೂರು ಕೋಟಿಗೂ ಮಿಕ್ಕಿದ ಜನರಿರುವ ನಾಡಿಗೆ ಈ ಬಿಗಿ ಬೇಕೇ ಬೇಕು ಎಂಬುದು ನನ್ನ ಅಭಿಪ್ರಾಯ.

ಅರವತ್ತು ದಾಟಿದವರ ಮಾತು

ಇನ್ನು ಮುಖ್ಯ ಸಂಗತಿ. ನಲವತ್ತನೇ ವಾರ್ಷಿಕೋತ್ಸವ ಎಂದರೆ ಇಬ್ಬರಿಗೂ ಅರವತ್ತು ದಾಟಿದೆ ಅಥವಾ ಅದರ ಆಸುಪಾಸು ಎಂದಾಯಿತು. ಹಳದಿ ಜ್ವರದ ಲಸಿಕೆಯಲ್ಲಿರುವುದು ಬಲಗುಂದಿಸಿದ ಜೀವಂತ ವೈರಸ್. ಬಹಳ ಅಪರೂಪಕ್ಕೆ ಅದೇ ದೇಹದೊಳಗೆ ಹೆಚ್ಚಿಕೊಂಡು ಯಕೃತ್ತು, ಮೂತ್ರಪಿಂಡಗಳನ್ನು ಕೆಡಿಸುವುದುಂಟು, ಕೆಲವೊಮ್ಮೆ ಮಿದುಳನ್ನೂ ಬಾಧಿಸುತ್ತದೆ. ಅರವತ್ತರ ನಂತರ, ಅದರಲ್ಲೂ ಮೊದಲ ಬಾರಿ ಹಾಕಿಸಿಕೊಳ್ಳುವವರಲ್ಲಿ, ಈ ಅಪಾಯ ಹೆಚ್ಚು. ಹೆಚ್ಚೆಂದರೂ ಲಕ್ಷಕ್ಕೆ ಒಂದೆರಡರ ಆಸುಪಾಸು. ಹೆದರಿ ಓಡುವಂಥದ್ದಲ್ಲ, ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಡುವಂಥದ್ದೂ ಅಲ್ಲ. ಆರೋಗ್ಯವಾಗಿರುವ ಅರವತ್ತೆರಡರವರು ವೈದ್ಯರೊಡನೆ ಮಾತನಾಡಿ ಹಾಕಿಸಿಕೊಳ್ಳಬಹುದು.

ಕೆಲವರಿಗೆ ಮಾತ್ರ ಇದು ಖಂಡಿತ ಕೂಡದು. ಸಂಧಿವಾತಕ್ಕೆಂದು ಹೆಚ್ಚು ಪ್ರಮಾಣದ ಸ್ಟಿರಾಯ್ಡ್ ಅಥವಾ ರೋಗನಿರೋಧಕ ಶಕ್ತಿ ಕುಗ್ಗಿಸುವ ಬೇರೆ ಮದ್ದು ತೆಗೆದುಕೊಳ್ಳುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಮೂತ್ರಪಿಂಡದ ಕಸಿ ಮಾಡಿಸಿಕೊಂಡವರು, ಥೈಮಸ್ ಗ್ರಂಥಿಯ ತೊಂದರೆ ಇರುವವರು, ಕೋಳಿಮೊಟ್ಟೆ ತಿಂದರೆ ತೀವ್ರ ಅಲರ್ಜಿಯಾಗುವವರು. ನಮ್ಮ ಮನೆಗಳಲ್ಲಿ ‘ಮಂಡಿನೋವಿನ ಮಾತ್ರೆ’ ಎಂಬ ಒಂದೇ ಹೆಸರಿನಲ್ಲಿ ಎಲ್ಲವೂ ಅಡಗಿರುತ್ತದೆ. ಅಮ್ಮ ವಾರಕ್ಕೊಮ್ಮೆ ನುಂಗುವ ಸಣ್ಣ ಹಳದಿ ಗುಳಿಗೆ ಮೆಥೊಟ್ರೆಕ್ಸೇಟ್ ಎಂಬುದು ಮಗನಿಗೆ ಗೊತ್ತೇ ಇರುವುದಿಲ್ಲ. ಆದ್ದರಿಂದ ಮಾತ್ರೆಯ ಪಟ್ಟಿಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು, ಹೊರಡುವ ಎರಡು ತಿಂಗಳ ಮೊದಲೇ ವೈದ್ಯರ ಬಳಿ ಹೋಗಿ. ಅವರು ಲಸಿಕೆ ಬೇಡವೆಂದರೆ ಅಮೆಜಾನ್ ಬೇಡ. ಹೇಗಾದರೂ ಒಂದು ಪತ್ರ ಬರೆದುಕೊಡಿ ಎಂದು ವೈದ್ಯರ ಕೈ ಹಿಡಿಯುವವರನ್ನು ಕಂಡಿದ್ದೇನೆ. ಪತ್ರ ಅಧಿಕಾರಿಗೆ ಸಮಾಧಾನ ಹೇಳೀತು, ಸೊಳ್ಳೆಗೆ ಹೇಳದು.

ಹಾಗೆಂದು ಕಾಡನ್ನೇ ಬಿಡಬೇಕಿಲ್ಲ. ಪಕ್ಕದ ಶ್ರೀಲಂಕೆಯ ಸಿಂಹರಾಜ ಅಪ್ಪಟ ಮಳೆಕಾಡು, 1988ರಿಂದ ವಿಶ್ವ ಪರಂಪರೆಯ ತಾಣ. ಹಳದಿ ಜ್ವರ ಅಲ್ಲಿಲ್ಲ. ಮಲೇರಿಯ ಮುಕ್ತ ದೇಶವೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಪ್ರಮಾಣೀಕರಿಸಿದೆ. ಡೆಂಗೆ ಉಂಟು, ಜಿಗಣೆಯಂತೂ ಹೇಳುವುದೇ ಬೇಡ. ಆದರೆ ಆಗುಂಬೆ ಕಂಡವರಿಗೆ ಜಿಗಣೆ ಹೊಸದೇನಲ್ಲ!

ಅಲ್ಲಿದ್ದಾಗ

ಲಸಿಕೆಯಾಯಿತು, ಅಮೆಜಾನಿಗೇ ಹೊರಟಿರಿ ಎನ್ನೋಣ. ಮನಾಸ್ ಗಡಿಯಾರ ನಮ್ಮದಕ್ಕಿಂತ ಒಂಬತ್ತೂವರೆ ಗಂಟೆ ಹಿಂದೆ. ಇನ್ಸುಲಿನ್ ತೆಗೆದುಕೊಳ್ಳುವವರು ಪ್ರಯಾಣದ ದಿನದ ಪ್ರಮಾಣವನ್ನು ವೈದ್ಯರಿಂದ ಬರೆಸಿಕೊಳ್ಳಬೇಕು. ಇನ್ಸುಲಿನ್ನನ್ನು ದೊಡ್ಡ ಪೆಟ್ಟಿಗೆಗೆ ಹಾಕಿ ವಿಮಾನದ ಹೊಟ್ಟೆಗೆ ಕಳಿಸಬೇಡಿ, ಅಲ್ಲಿ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು. ಕೈಚೀಲದಲ್ಲಿ, ವೈದ್ಯರ ಚೀಟಿಯೊಂದಿಗೆ ಇರಲಿ. ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು ಆ ಸೆಕೆಯಲ್ಲಿ ಬೆವರಿ ತಲೆಸುತ್ತಿ ಬೀಳುವುದುಂಟು. ನೀರು, ಓ.ಆರ್.ಎಸ್. ಪೊಟ್ಟಣ ಜೊತೆಗಿರಲಿ. ಸಕ್ಕರೆ ಕಾಯಿಲೆಯವರು ಬರಿಗಾಲಲ್ಲಿ ಒಂದು ಹೆಜ್ಜೆಯನ್ನೂ ಇಡಕೂಡದು, ಬೂಟನ್ನು ಕೊಡವದೆ ಹಾಕಿಕೊಳ್ಳಕೂಡದು.

ಅಸಾಯಿ ಎಂಬ ನೇರಳೆ ಹಣ್ಣಿನ ರಸ ಅಲ್ಲಿ ನಮ್ಮ ಕಬ್ಬಿನ ಹಾಲಿನ ಹಾಗೆ ಎಲ್ಲೆಡೆ ಸಿಗುತ್ತದೆ. ಹಣ್ಣಿನ ಜೊತೆ ಒಂದು ಬಗೆಯ ತಿಗಣೆಯೂ ಅರೆದುಹೋಗಿ ಚಾಗಸ್ ಎಂಬ ಹೃದಯಕ್ಕೆ ಕೇಡು ತರುವ ರೋಗ ಬಂದ ಪ್ರಸಂಗಗಳಿವೆ. ಪಾಶ್ಚರೀಕರಿಸಿದ್ದಾದರೆ ಕುಡಿಯಿರಿ, ಹಸಿ ರಸ ಬೇಡ. ಕೋತಿಗೆ ತಿನ್ನಿಸಿ ಫೋಟೊ ತೆಗೆಸಿಕೊಳ್ಳುವ ಚಪಲವೂ ಬೇಡ, ಪರಚಿದರೆ ರೇಬೀಸ್ ಚುಚ್ಚುಮದ್ದಿಗಾಗಿ ದೋಣಿ ಹತ್ತಬೇಕಾದೀತು. ವಿಮೆ ಮಾಡಿಸುವಾಗ ಸಕ್ಕರೆ, ಬಿ.ಪಿ. ಮುಚ್ಚಿಟ್ಟು ಕಂತು ಉಳಿಸುವ ಜಾಣತನವನ್ನು ನಾನಂತೂ ಒಪ್ಪುವುದಿಲ್ಲ.

ಮೊದಲ ವಾರ್ಷಿಕೋತ್ಸವದ ಎಳೆಯ ದಂಪತಿಗಳಿಗೂ ಒಂದು ಮಾತು. 2015-16ರಲ್ಲಿ ಬ್ರೆಜಿಲಿನಲ್ಲಿ ಜೀಕಾ ಹರಡಿದಾಗ ಸಣ್ಣ ತಲೆಯ ಶಿಶುಗಳು ಹುಟ್ಟಿದ್ದನ್ನು ಪತ್ರಿಕೆಯಲ್ಲಿ ಓದಿದ್ದೀರಿ. 2022ರಲ್ಲಿ ರಾಯಚೂರಿನಲ್ಲೂ ಜೀಕಾ ಪತ್ತೆಯಾಯಿತು. ಜೀಕಾ ಇರುವ ಕಡೆ ಹೋಗಿಬಂದ ಹೆಣ್ಣು ಎರಡು ತಿಂಗಳು, ಗಂಡು ಮೂರು ತಿಂಗಳು ಕಳೆಯುವವರೆಗೆ ಗರ್ಭಧಾರಣೆ ಮುಂದೂಡುವುದು ಕ್ಷೇಮ. ಗರ್ಭಿಣಿಯಾಗಿದ್ದರೆ ಪ್ರವಾಸವನ್ನೇ ಮುಂದೂಡಿ.

ಕೊನೆಯದಾಗಿ ಮಲೇರಿಯ. ಹಳದಿ ಜ್ವರದ, ಡೆಂಗೆಯ ಸೊಳ್ಳೆಗಳು ಹಗಲು ಕಚ್ಚಿದರೆ ಮಲೇರಿಯದ ಸೊಳ್ಳೆ ಸಂಜೆಯಿಂದ ಮುಂಜಾವದವರೆಗೆ. ತುಂಬುತೋಳಿನ ಬಟ್ಟೆ, ಸೊಳ್ಳೆ ಓಡಿಸುವ ಮುಲಾಮು, ಪರದೆ, ಜೊತೆಗೆ ವೈದ್ಯರು ಹೇಳಿದ ಮಾತ್ರೆ. ಡಾಕ್ಸಿಸೈಕ್ಲಿನ್ ಆದರೆ ಹೊರಡುವ ಒಂದೆರಡು ದಿನ ಮೊದಲು ಶುರುಮಾಡಿ, ಕಾಡು ಬಿಟ್ಟ ಮೇಲೂ ನಾಲ್ಕು ವಾರ ನುಂಗಬೇಕು. ಮನೆಗೆ ಬಂದೆವಲ್ಲ ಎಂದು ನಿಲ್ಲಿಸುವವರೇ ಹೆಚ್ಚು. ಅಲ್ಲಿ ಹೆಚ್ಚಾಗಿರುವ ವೈವಾಕ್ಸ್ ಮಲೇರಿಯ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಅಡಗಿದ್ದು, ಮಾತ್ರೆ ಸರಿಯಾಗಿ ನುಂಗಿದವರಲ್ಲೂ ಮತ್ತೆ ಏಳಬಲ್ಲದು. ಬಂದ ಒಂದು ವರ್ಷದೊಳಗೆ ಯಾವಾಗ ಚಳಿಜ್ವರ ಬಂದರೂ, ಆಲ್ಬಮ್ಮಿನ ಚಿತ್ರಗಳು ಹಳೆಯದಾಗಿದ್ದರೂ ಸರಿ, ವೈದ್ಯರಿಗೆ ‘ಅಮೆಜಾನಿಗೆ ಹೋಗಿದ್ದೆವು’ ಎಂದು ಮೊದಲೇ ಹೇಳಿ, ರಕ್ತಪರೀಕ್ಷೆ ಮಾಡಿಸಿ.