ಗೃಹಸ್ಥರ ವಿಚಾರ: ಹಾಡು ಕಟ್ಟಿದವರ ಪಾಲು

ಹೊಲವನ್ನು ಉತ್ತವನಿಗೆ ಬೆಳೆಯ ಪಾಲೂ ಮನೆಯನ್ನು ಕಟ್ಟಿಸಿದವನಿಗೆ ಬಾಡಿಗೆಯೂ ಸಲ್ಲಬೇಕೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಹಾಡಿಗೆ ಮಟ್ಟು ಕಟ್ಟಿದವನಿಗೆ, ಆ ಹಾಡು ಪರರ ಹೋಟೆಲಿನಲ್ಲಿಯೋ ರೇಡಿಯೋದಲ್ಲಿಯೋ ಕೇಳಿಬಂದಾಗಲೆಲ್ಲ ಒಂದು ಪಾಲು ಸಲ್ಲತಕ್ಕುದೆಂಬ ಮಾತು ನಮ್ಮಲ್ಲಿ ಅನೇಕರಿಗೆ ಇನ್ನೂ ಹೊಸದಾಗಿಯೇ ತೋರುತ್ತದೆ. ಈಗ ನಮ್ಮ ಎಷ್ಟೋ ಕುಟುಂಬಗಳ ಮಕ್ಕಳು ಸಂಗೀತವನ್ನೇ ವೃತ್ತಿಯಾಗಿ ಹಿಡಿದಿರುವರು. ಮೈಸೂರಿನಲ್ಲಿ ಕುಳಿತು ಕಟ್ಟಿದ ವಾದ್ಯರಚನೆಯು ನ್ಯೂಯಾರ್ಕಿನ ದೂರದರ್ಶನದಲ್ಲಿಯೂ ಲಂಡನ್ನಿನ ಸಭಾಂಗಣದಲ್ಲಿಯೂ ಕೇಳಿಬರಬಹುದಾದ ಕಾಲವಿದು. ಆದುದರಿಂದ "ಪ್ರದರ್ಶನದ ಹಕ್ಕಿನ ಹಣವನ್ನು ವಸೂಲುಮಾಡುವ ಸಂಘಗಳಲ್ಲಿ ಯಾವ ದೇಶದ ಸಂಘಕ್ಕೆ ಸೇರುವುದು ಮೇಲು?" ಎಂಬ ಪ್ರಶ್ನೆಯು ಮನೆಯ ಹಿರಿಯರ ಮುಂದೆಯೂ ಬರುವುದುಂಟು. ಈ ತಿಂಗಳು ಅದನ್ನೇ ವಿಚಾರಮಾಡೋಣ.

ಇಂತಹ ಸಂಘಗಳ ಹುಟ್ಟಿನ ಕಥೆಯು ಸ್ವಾರಸ್ಯವಾದುದು. 1847ರಲ್ಲಿ ಪ್ಯಾರಿಸ್ ನಗರದ ಆಂಬಾಸದೂರ್ ಎಂಬ ಗಾನಶಾಲೆಯಲ್ಲಿ ಎರ್ನೆಸ್ಟ್ ಬುರ್ಜೆ ಎಂಬ ಕವಿಯು ತನ್ನ ಸಂಗೀತಗಾರ ಮಿತ್ರರೊಡನೆ ಕುಳಿತಿದ್ದಾಗ, ಅಲ್ಲಿ ಅವರದೇ ಹಾಡುಗಳನ್ನು ಹಾಡಲಾಯಿತು. ಪಾನೀಯದ ಹಣವನ್ನು ಕೇಳಿದಾಗ ಅವರು ಕೊಡಲೊಪ್ಪಲಿಲ್ಲ. ನಮ್ಮ ಹಾಡಿಗೆ ನೀವು ಹಣ ಕೊಡದಿದ್ದರೆ ನಿಮ್ಮ ಪಾನೀಯಕ್ಕೆ ನಾವೇಕೆ ಕೊಡಬೇಕೆಂಬುದೇ ಅವರ ವಾದ. ವ್ಯಾಜ್ಯವು ನ್ಯಾಯಾಲಯಕ್ಕೆ ಹೋಗಿ ರಚನಕಾರರ ಪರವಾಗಿ ತೀರ್ಪಾಯಿತು. 1851ರಲ್ಲಿ ಸಾಸೆಮ್ ಎಂಬ ಸಂಘವು ಸ್ಥಾಪಿತವಾಯಿತು. ಅದು ಇಂದಿಗೂ ನಡೆಯುತ್ತಿದೆ.

ಅದೇ 1847ರಲ್ಲಿ ತಿರುವೈಯಾರಿನಲ್ಲಿ ತ್ಯಾಗರಾಜಸ್ವಾಮಿಗಳು ದೇಹವನ್ನು ಬಿಟ್ಟರು. ಉಂಛವೃತ್ತಿಯಿಂದ ಜೀವಿಸಿದ ಆ ಮಹಾನುಭಾವರನ್ನು ನೆನೆದು, ಸಂಗೀತಕ್ಕೆ ಹಣದ ಲೆಕ್ಕವನ್ನು ಕಟ್ಟುವುದು ಉಚಿತವೇ ಎಂದು ಕೆಲವರು ಶಂಕಿಸುವರು. ತ್ಯಾಗವು ತ್ಯಾಗಿಯ ಇಚ್ಛೆಯಿಂದ ಬಂದಾಗಲೇ ಹಿರಿದು. ಹಾಡಿನಿಂದ ಲಾಭವನ್ನು ಪಡೆಯುವ ವ್ಯಾಪಾರಿಯು ಹಾಡು ಕಟ್ಟಿದವನಿಗೆ ಮಾತ್ರ ತ್ಯಾಗವನ್ನು ಉಪದೇಶಿಸುವುದು ಧರ್ಮವಲ್ಲವೆಂದು ನಮ್ಮ ಅಭಿಪ್ರಾಯ. ಹಳೆಯ ದಾಸರ ಪದಗಳು ಎಲ್ಲರ ಸೊತ್ತು. ಆದರೆ ಅವಕ್ಕೆ ಇಂದು ಒಬ್ಬನು ಸ್ವಂತವಾಗಿ ಹೊಸ ಮಟ್ಟನ್ನು ಕಟ್ಟಿದರೆ, ಆ ಮಟ್ಟು ಅವನದೇ ಸರಿ.

ಒಬ್ಬನೇ ರಚನಕಾರನು ಊರೂರು ತಿರುಗಿ ಹೋಟೆಲುಗಳ ಬಾಗಿಲಲ್ಲಿ ನಿಂತು ಹಣವನ್ನು ಕೇಳಲಾರನು. ಆದುದರಿಂದ ಸಂಘವು ಎಲ್ಲರ ಪರವಾಗಿ ಅನುಮತಿಪತ್ರವನ್ನು ಕೊಟ್ಟು, ಬಂದ ಹಣದಲ್ಲಿ ತನ್ನ ಖರ್ಚನ್ನು ಮುರಿದುಕೊಂಡು, ಉಳಿದುದನ್ನು ಹಂಚುತ್ತದೆ. ಇಂಗ್ಲೆಂಡಿನ ಪರ್ಫಾರ್ಮಿಂಗ್ ರೈಟ್ ಸೊಸೈಟಿಯು 1914ರಲ್ಲಿಯೂ, ನಮ್ಮ ದೇಶದ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ, ಎಂದರೆ ಐ.ಪಿ.ಆರ್.ಎಸ್., 1969ರಲ್ಲಿಯೂ ಸ್ಥಾಪಿತವಾದುವು. ಇವು ಪರಸ್ಪರ ಒಪ್ಪಂದಗಳನ್ನು ಮಾಡಿಕೊಂಡು, ಒಂದರ ಸದಸ್ಯರ ಹಣವನ್ನು ಇನ್ನೊಂದು ತನ್ನ ನಾಡಿನಲ್ಲಿ ವಸೂಲುಮಾಡಿ ಕಳುಹಿಸುವುವು. 1926ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಸಿಸಾಕ್ ಎಂಬ ಮಹಾಮಂಡಲವು ಈ ಸಂಘಗಳನ್ನೆಲ್ಲ ಒಂದು ಸೂತ್ರದಲ್ಲಿ ಪೋಣಿಸಿದೆ.

ಹೆಚ್ಚಿನ ದೇಶಗಳಲ್ಲಿ ಇಂತಹ ಸಂಘವು ಒಂದೇ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿಯಾದರೋ ಹಲವು. 1914ರಲ್ಲಿ ವಿಕ್ಟರ್ ಹರ್ಬರ್ಟ್ ಮೊದಲಾದವರು ಕಟ್ಟಿದ ಆಸ್ಕ್ಯಾಪ್ ಸದಸ್ಯರದೇ ಸಂಘ, ಲಾಭಕ್ಕಾಗಿ ನಡೆಯತಕ್ಕುದಲ್ಲ. ಅದು ದರವನ್ನು ಏರಿಸಲು ಹೊರಟಾಗ ರೇಡಿಯೋ ಕಂಪೆನಿಗಳು ಸೇರಿ 1939ರಲ್ಲಿ ಬಿ.ಎಂ.ಐ. ಎಂಬ ಪ್ರತಿಸ್ಪರ್ಧಿಯನ್ನು ಸ್ಥಾಪಿಸಿದುವು. 1941ರಲ್ಲಿ ಅನೇಕ ತಿಂಗಳ ಕಾಲ ಆಸ್ಕ್ಯಾಪಿನ ಹಾಡುಗಳು ಅಲ್ಲಿಯ ಬಹುತೇಕ ರೇಡಿಯೋಗಳಲ್ಲಿ ಕೇಳಿಸಲೇ ಇಲ್ಲ. ಈ ಬಿ.ಎಂ.ಐ. ಬಹುಕಾಲ ಲಾಭವನ್ನು ನೋಡದೆ ನಡೆದು, 2024ರಲ್ಲಿ ನ್ಯೂ ಮೌಂಟನ್ ಕ್ಯಾಪಿಟಲ್ ಎಂಬ ಬಂಡವಾಳಸಂಸ್ಥೆಯ ನೇತೃತ್ವದ ಗುಂಪಿಗೆ ಮಾರಾಟವಾಯಿತು. 1930ರ ಸೀಸ್ಯಾಕ್ ಮತ್ತು 2013ರ ಗ್ಲೋಬಲ್ ಮ್ಯೂಸಿಕ್ ರೈಟ್ಸ್ ಎಂಬ ಇನ್ನೆರಡು ಸಂಸ್ಥೆಗಳು ತಾವೇ ಆಹ್ವಾನಿಸಿದವರನ್ನು ಮಾತ್ರ ಸೇರಿಸಿಕೊಳ್ಳುವುವು. ಹೊರದೇಶದ ರಚನಕಾರನು ಬೇರೆ ಸಂಘಕ್ಕೆ ಸೇರಿಲ್ಲದಿದ್ದರೆ ಆಸ್ಕ್ಯಾಪಿಗಾಗಲಿ ಬಿ.ಎಂ.ಐ.ಗಾಗಲಿ ಸೇರಬಹುದು, ಆದರೆ ಒಂದೇ ಕಾಲದಲ್ಲಿ ಎರಡಕ್ಕೂ ಸೇರಕೂಡದು.

ಹಾಗಾದರೆ ಆರಿಸುವುದು ಹೇಗೆ? ಮೊದಲು ಕೇಳಬೇಕಾದುದು, ನಮ್ಮ ವಾಸವೆಲ್ಲಿ ಮತ್ತು ನಮ್ಮ ಸಂಗೀತವು ಹೆಚ್ಚಾಗಿ ನುಡಿಯುವುದೆಲ್ಲಿ ಎಂಬುದು. ನಮ್ಮ ದೇಶದಲ್ಲಿರುವವನು ಐ.ಪಿ.ಆರ್.ಎಸ್.ಗೆ ಸೇರಿದರೆ, ಅಮೆರಿಕದ ಹಣವು ಅಲ್ಲಿಯ ಸಂಘದಲ್ಲಿ ಒಮ್ಮೆ, ಇಲ್ಲಿ ಮತ್ತೊಮ್ಮೆ ಖರ್ಚು ಮುರಿದು ಕೈಸೇರುವುದು. ಕಾಲವೂ ಹೆಚ್ಚು ಹಿಡಿಯುವುದು. ಅದೇ ಅವನು ಇಡೀ ಪ್ರಪಂಚದ ಹಕ್ಕನ್ನು ಅಮೆರಿಕದ ಸಂಘಕ್ಕೆ ಒಪ್ಪಿಸಿದರೆ, ಬೆಂಗಳೂರಿನಲ್ಲಿ ಸಂದ ಹಣವು ಸಮುದ್ರವನ್ನು ದಾಟಿಹೋಗಿ ಮರಳಿ ಬರಬೇಕಾಗುವುದು. ಇದು ಮನೆಯ ಬಾವಿಯ ನೀರನ್ನು ಊರಾಚೆಯ ಕೆರೆಗೆ ಹೊಯ್ದು ಅಲ್ಲಿಂದ ಕೊಡದಲ್ಲಿ ಹೊತ್ತು ತಂದಂತೆ. ಮೂರನೆಯ ದಾರಿಯೊಂದುಂಟು. ಅನೇಕ ಸಂಘಗಳ ನಿಯಮಗಳಲ್ಲಿ ಒಂದು ದೇಶವನ್ನು ಬೇರ್ಪಡಿಸಿ, ಆ ದೇಶದ ಮಟ್ಟಿಗೆ ಅಲ್ಲಿಯ ಸಂಘವನ್ನು ಸೇರಲು ಅವಕಾಶವಿದೆ. ಆದರೆ ಇದನ್ನು ಬಾಯಿಮಾತಿನಲ್ಲಿ ಬಿಡದೆ, ಎರಡೂ ಕಡೆಗಳಿಂದ ಬರಹದಲ್ಲಿ ಪಡೆಯತಕ್ಕುದು. ಒಂದೇ ದೇಶದ ಒಂದೇ ಹಕ್ಕನ್ನು ಎರಡು ಸಂಘಗಳಿಗೆ ಒಪ್ಪಿಸಿದರೆ ವಿವಾದವುಂಟಾಗಿ, ಅದು ತೀರುವವರೆಗೆ ಹಣವು ಯಾರಿಗೂ ಸಿಕ್ಕದೆ ನಿಲ್ಲಬಹುದು.

ಎರಡನೆಯದಾಗಿ, ಸಂಗೀತದ ಬಗೆಯನ್ನು ನೋಡಬೇಕು. ಚಲನಚಿತ್ರಕ್ಕೆ ಸಂಗೀತವನ್ನು ಒದಗಿಸುವವರು ಒಂದು ವಿಶೇಷವನ್ನು ತಿಳಿದಿರಲಿ. 1948ರ ನ್ಯಾಯಾಲಯದ ತೀರ್ಪೊಂದರ ಫಲವಾಗಿ ಅಮೆರಿಕದ ಚಿತ್ರಮಂದಿರಗಳು ಚಿತ್ರದೊಳಗಿನ ಸಂಗೀತಕ್ಕಾಗಿ ಈ ಸಂಘಗಳಿಗೆ ಹಣವನ್ನು ಕೊಡುವುದಿಲ್ಲ. ಯೂರೋಪಿನ ಅನೇಕ ದೇಶಗಳ ಚಿತ್ರಮಂದಿರಗಳು ಕೊಡುವುವು. ಅದೇ ಚಿತ್ರವು ಅಮೆರಿಕದ ದೂರದರ್ಶನದಲ್ಲಿ ಬಂದರೆ ಅಲ್ಲಿಯೂ ಹಣವು ಸಲ್ಲುವುದು. ಆದುದರಿಂದ ಅಮೆರಿಕದ ಹೆಸರು ದೊಡ್ಡದೆಂಬ ಮಾತ್ರದಿಂದಲೇ ಅತ್ತ ಓಡುವುದು ವಿವೇಕವಲ್ಲ.

ಮೂರನೆಯದಾಗಿ, ಒಪ್ಪಂದದ ಪತ್ರವನ್ನು ಪೂರ್ತಿಯಾಗಿ ಓದಬೇಕು. ಇಂಗ್ಲೆಂಡಿನ ಸಂಘವು ಪ್ರದರ್ಶನದ ಹಕ್ಕನ್ನೇ ತನ್ನ ಹೆಸರಿಗೆ ಬರೆಯಿಸಿಕೊಳ್ಳುವುದು. ಆಸ್ಕ್ಯಾಪ್ ಮತ್ತು ಬಿ.ಎಂ.ಐ.ಗಳಲ್ಲಿ ಹಕ್ಕು ರಚನಕಾರನಲ್ಲಿಯೇ ಉಳಿದು, ಅವನು ಬೇಕಾದವರಿಗೆ ನೇರವಾಗಿಯೂ ಅನುಮತಿಯನ್ನು ಕೊಡಬಹುದು. ಸಂಘವನ್ನು ಬಿಡಬೇಕಾದರೆ ಎಷ್ಟು ತಿಂಗಳು ಮೊದಲು ತಿಳಿಸಬೇಕೆಂಬುದನ್ನೂ ನೋಡಿಕೊಳ್ಳಬೇಕು. ಯೂರೋಪು ಒಕ್ಕೂಟದ 2014ರ ನಿರ್ದೇಶವು, ಹಕ್ಕುಳ್ಳವನು ಯಾವ ದೇಶದವನಾದರೂ ಒಕ್ಕೂಟದಲ್ಲಿ ತನಗೆ ಬೇಕಾದ ಸಂಘವನ್ನು ಆರಿಸಬಹುದೆಂದೂ, ಬಿಡುವ ಸೂಚನೆಯ ಅವಧಿಯು 6 ತಿಂಗಳನ್ನು ಮೀರಕೂಡದೆಂದೂ ವಿಧಿಸಿದೆ. ಬೇರೆಡೆ ಇಂತಹ ಸೌಲಭ್ಯವು ಇದ್ದೇ ಇರುವುದೆಂದು ನಂಬಬಾರದು.

ನಾಲ್ಕನೆಯದು ತೆರಿಗೆ. ಅಮೆರಿಕದಿಂದ ನೇರವಾಗಿ ಪರದೇಶೀಯನಿಗೆ ಬರುವ ಇಂತಹ ಹಣದಲ್ಲಿ ಸಾಮಾನ್ಯವಾಗಿ 100ಕ್ಕೆ 30ರಂತೆ ಅಲ್ಲಿಯೇ ಹಿಡಿಯುವರು. ದೇಶಗಳೊಳಗಿನ ಕರಾರಿನಿಂದ ಈ ದರವು ತಗ್ಗುವುದುಂಟು, ಆದರೆ ಅದಕ್ಕೆ ಬೇಕಾದ ನಮೂನೆಯನ್ನು ತುಂಬಿ ಕೊಟ್ಟವರಿಗೆ ಮಾತ್ರ. ಅಲ್ಲಿ ಕೊಟ್ಟ ತೆರಿಗೆಯ ರಶೀದಿಯನ್ನು ಜೋಪಾನವಾಗಿಟ್ಟರೆ ಇಲ್ಲಿಯ ತೆರಿಗೆಯ ಲೆಕ್ಕದಲ್ಲಿ ಉಪಯೋಗಕ್ಕೆ ಬರುವುದು.

ಇಷ್ಟೆಲ್ಲ ನೋಡಿ ಸೇರಿದಮೇಲೂ ಕೆಲಸವು ಮುಗಿಯಲಿಲ್ಲ. ಸಂಘದ ಪುಸ್ತಕದಲ್ಲಿ ರಚನಕಾರನ ಹೆಸರಿದ್ದು ಕೃತಿಗಳ ಹೆಸರಿಲ್ಲದಿದ್ದರೆ ಫಲವೇನು? ಪ್ರತಿಯೊಂದು ಕೃತಿಯನ್ನೂ, ಅದರಲ್ಲಿ ಸಾಹಿತ್ಯದವರಿಗೆಷ್ಟು, ಮಟ್ಟಿನವರಿಗೆಷ್ಟು, ಪ್ರಕಾಶಕರಿಗೆಷ್ಟು ಎಂಬ ಪಾಲುಗಳೊಡನೆ ನೊಂದಾಯಿಸಬೇಕು. ಸಂಘವು ಕೊಡುವ ಐ.ಪಿ.ಐ. ಸಂಖ್ಯೆಯನ್ನು ಎಲ್ಲೆಡೆಯೂ ತಪ್ಪದೆ ಬರೆಯಬೇಕು. ಒಂದೇ ಹೆಸರಿನವರು ಹತ್ತಾರು ಮಂದಿ ಇರುವ ನಮ್ಮ ನಾಡಿನಲ್ಲಿ ಇದು ಅತ್ಯಗತ್ಯ. ಚಿತ್ರವಾಗಲಿ ದೂರದರ್ಶನದ ಧಾರಾವಾಹಿಯಾಗಲಿ ಮುಗಿದಾಗ, ಯಾವ ಸಂಗೀತವು ಎಷ್ಟು ನಿಮಿಷ ಬಂದಿತೆಂದು ನಿರ್ಮಾಪಕರು ಬರೆದು ಕಳುಹಿಸುವ ಕ್ಯೂ ಷೀಟ್ ಎಂಬ ಪಟ್ಟಿಯ ಪ್ರತಿಯನ್ನು ಕೇಳಿ ಪಡೆಯಬೇಕು. ಅದರಲ್ಲಿ ಹೆಸರು ಬಿಟ್ಟುಹೋದರೆ ಹಣವೂ ಬಿಟ್ಟುಹೋಗುವುದು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಕೃತಿಯನ್ನು ಮೊದಲೇ ಸಾರಾಸಗಟಾಗಿ ಮಾರಿಬಿಟ್ಟವನಿಗೆ ಯಾವ ಸಂಘವೂ ಹೆಚ್ಚಿನದನ್ನು ಮಾಡಲಾರದು. 1977ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು, ಬೇರೆ ಒಪ್ಪಂದವಿಲ್ಲದಿದ್ದರೆ, ಚಲನಚಿತ್ರಕ್ಕಾಗಿ ಹಣಕೊಟ್ಟು ಮಾಡಿಸಿದ ಸಂಗೀತಕ್ಕೆ ನಿರ್ಮಾಪಕನೇ ಮೊದಲ ಸ್ವಾಮಿಯೆಂದು ತೀರ್ಪಿತ್ತಿತು. ಅದರಿಂದ ಎಷ್ಟೋ ರಚನಕಾರರು ಬರಿಗೈಯಲ್ಲಿ ಉಳಿದರು. 2012ರ ತಿದ್ದುಪಡಿಯು ಈ ಅನ್ಯಾಯವನ್ನು ಬಹುಮಟ್ಟಿಗೆ ನೀಗಿಸಿತು. ಚಿತ್ರಮಂದಿರದಲ್ಲಿ ಚಿತ್ರದೊಡನೆ ಕೇಳಿಸುವುದೊಂದನ್ನು ಬಿಟ್ಟು, ಉಳಿದ ಉಪಯೋಗಗಳ ರಾಯಧನದಲ್ಲಿ ಕವಿಗೂ ಸಂಗೀತಗಾರನಿಗೂ ಸಮಪಾಲು ಪಡೆಯುವ ಹಕ್ಕಿದೆ. ಆ ಹಕ್ಕನ್ನು ತನ್ನ ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯದ ಸಂಘಕ್ಕೆ ಹೊರತು ಬೇರೆ ಯಾರಿಗೂ ಬರೆದುಕೊಡಲಾಗದು. ಹೊರದೇಶದ ಕರಾರುಗಳಲ್ಲಿ ಇಂತಹ ಕಾವಲಿದೆಯೆಂದು ಹೇಳಲಾಗದು. 2019ರಲ್ಲಿ ಡಿಸ್ಕವರಿ ಎಂಬ ಅಮೆರಿಕದ ದೂರದರ್ಶನ ಸಂಸ್ಥೆಯು, ರಚನಕಾರರು ಅಲ್ಲಿಯ ಪ್ರದರ್ಶನದ ಹಣವನ್ನು ಬಿಟ್ಟುಕೊಡಬೇಕೆಂದು ಕೇಳಿತು. ಅವರೆಲ್ಲರೂ ಒಟ್ಟಾಗಿ ವಿರೋಧಿಸಿದಮೇಲೆಯೇ ಹಿಂದೆಗೆಯಿತು. ಒಬ್ಬಂಟಿಗನಾಗಿ ಸಹಿಹಾಕುವ ತರುಣನಿಗೆ ಅಂತಹ ಬಲವೆಲ್ಲಿಂದ ಬರಬೇಕು? ಸಹಿಗೆ ಮೊದಲು ಆ ಪತ್ರವನ್ನು ಬಲ್ಲ ವಕೀಲರೊಬ್ಬರಿಗೆ ತೋರಿಸುವ ಖರ್ಚನ್ನು ದುಂದೆಂದು ಎಣಿಸಲಾಗದು.

ಕೃತಿಸ್ವಾಮ್ಯವು ನಮ್ಮ ದೇಶದಲ್ಲಿ ರಚನಕಾರನು ತೀರಿದ ಮೇಲೆ 60 ವರ್ಷಗಳವರೆಗೂ, ಅಮೆರಿಕ ಮತ್ತು ಯೂರೋಪು ಒಕ್ಕೂಟದಲ್ಲಿ 70 ವರ್ಷಗಳವರೆಗೂ ನಡೆಯುವುದು. ಎಂದರೆ ಇದು ಮೊಮ್ಮಕ್ಕಳ ಕಾಲಕ್ಕೂ ಮುಟ್ಟುವ ಆಸ್ತಿ. ಹೊಲಮನೆಗಳ ಪತ್ರವನ್ನು ಪೆಟ್ಟಿಗೆಯಲ್ಲಿಟ್ಟು ಬೀಗಹಾಕುವ ನಾವು, ಇಂತಹ ಹಾಡುಗಳ ಪಟ್ಟಿಯನ್ನೂ ಸಂಘದ ಪತ್ರಗಳನ್ನೂ ಸಂಖ್ಯೆಯನ್ನೂ ಅದೇ ಪೆಟ್ಟಿಗೆಯಲ್ಲಿಡಬೇಕು. ಅವು ಎಲ್ಲಿವೆಯೆಂಬುದು ಮಡದಿಮಕ್ಕಳಿಗೂ ತಿಳಿದಿರಲಿ, ಉಯಿಲಿನಲ್ಲಿಯೂ ಕಾಣಲಿ.

ಒಟ್ಟಿನಲ್ಲಿ ನಮ್ಮ ಸಲಹೆ ಇಷ್ಟು. ಈ ದೇಶದಲ್ಲಿದ್ದು ಅಲ್ಲಿಂದಿಲ್ಲಿಂದ ಸ್ವಲ್ಪಸ್ವಲ್ಪವಾಗಿ ಹಣ ಬರುವವರು ಸ್ವದೇಶದ ಸಂಘವನ್ನೇ ಮೊದಲು ಸೇರಲಿ. ಸಂಪಾದನೆಯ ಹೆಚ್ಚುಪಾಲು ಒಂದು ಪರದೇಶದಿಂದ ಬರತೊಡಗಿದ ದಿನ ಆ ದೇಶವನ್ನು ಮಾತ್ರ ಬೇರ್ಪಡಿಸುವ ಯೋಚನೆಯನ್ನು ಮಾಡಲಿ. ಹೊರದೇಶದಲ್ಲಿಯೇ ನೆಲೆಸಿದವರು ಅಲ್ಲಿಯ ಸಂಘವನ್ನು ಸೇರುವುದೇ ಲೇಸು, ಆದರೆ ಇಲ್ಲಿಯ ಹಳೆಯ ಸದಸ್ಯತ್ವದ ಲೆಕ್ಕವನ್ನು ಕ್ರಮವಾಗಿ ತೀರಿಸಿಕೊಂಡ ಮೇಲೆ. ಮಕ್ಕಳಿಗೆ ಸರಿಗಮವನ್ನು ಕಲಿಸಲು ವರ್ಷಗಟ್ಟಲೆ ಗುರುದಕ್ಷಿಣೆಯನ್ನು ಕೊಡುವ ತಾಯಿತಂದೆಗಳು, ಅವರು ಸ್ವಂತವಾಗಿ ಕಟ್ಟಿದ ಮೊದಲ ಹಾಡನ್ನು ನೊಂದಾಯಿಸಲು ಒಂದು ದಿನದ ಬಿಡುವನ್ನೂ ಮಾಡಿಕೊಳ್ಳಲಿ.