ಶಾಂಪೇನ್ ಹಿಂದೆ ಬಿದ್ದದ್ದು ರುಚಿಯಿಂದಲ್ಲ

ನೊರೆಯುಕ್ಕುವ ವೈನ್ ಎಂದರೆ ಶಾಂಪೇನ್ ಎಂದೇ ಜಗತ್ತು ಬಹುಕಾಲ ನಂಬಿತ್ತು. ಈಗಿನ ಲೆಕ್ಕ ಬೇರೆ. ಫ್ರಾನ್ಸಿನ ಶಾಂಪೇನ್ ಪ್ರದೇಶದಿಂದ 2022ರಲ್ಲಿ ಸುಮಾರು 32.5 ಕೋಟಿ ಬಾಟಲಿ ಮಾರಾಟಕ್ಕೆ ಹೋಗಿದ್ದವು. 2024ರಲ್ಲಿ ಅದು ಸುಮಾರು 27 ಕೋಟಿಗೆ ಇಳಿಯಿತು. ಇಟಲಿಯ ಪ್ರೊಸೆಕೊ ಇದೇ ಅವಧಿಯಲ್ಲಿ ವರ್ಷಕ್ಕೆ 60 ಕೋಟಿ ಬಾಟಲಿಗೂ ಮೇಲೇ ಉಳಿದಿದೆ. ಜನರ ಅಭಿರುಚಿ ಬದಲಾಯಿತು, ಹೊಸ ತಲೆಮಾರಿಗೆ ಹಗುರವಾದ ಪಾನೀಯ ಬೇಕಾಯಿತು ಎಂದು ಇದಕ್ಕೆ ವಿವರಣೆ ಕೊಡುವುದು ರೂಢಿ. ಈ ವಿವರಣೆ ನನಗೆ ಸಾಲದು. ಕುಡಿಯುವ ಫ್ಯಾಷನ್ ಗ್ರಾಹಕನ ನಾಲಿಗೆಯ ಮೇಲೆ ಹುಟ್ಟುವುದಕ್ಕಿಂತ ಹೆಚ್ಚಾಗಿ ತಯಾರಿಕೆಯ ವಿಧಾನದಲ್ಲಿ, ಬೆಲೆಯಲ್ಲಿ, ಕಾನೂನಿನಲ್ಲಿ ಹುಟ್ಟುತ್ತದೆ. ಇದನ್ನು ಮರೆತರೆ ನಷ್ಟವಾಗುವುದು ದ್ರಾಕ್ಷಿ ಬೆಳೆಯುವವನಿಗೆ.

ಶಾಂಪೇನ್ ತಯಾರಿಸುವ ಬಗೆಯನ್ನೇ ನೋಡಿ. ಒಮ್ಮೆ ಹುದುಗಿದ ವೈನಿಗೆ ಸಕ್ಕರೆ, ಯೀಸ್ಟ್ ಸೇರಿಸಿ ಬಾಟಲಿಗೆ ತುಂಬಿ ಬಾಯಿ ಬಿಗಿಯುತ್ತಾರೆ. ಒಳಗೆ ಮತ್ತೆ ಹುದುಗು ನಡೆದು ಹುಟ್ಟಿದ ಅನಿಲ ಹೊರಹೋಗಲಾರದೆ ವೈನಿನಲ್ಲೇ ಕರಗುತ್ತದೆ. ಬಾಟಲಿಯೊಳಗಿನ ಒತ್ತಡ ಕಾರಿನ ಚಕ್ರದ ಗಾಳಿಯ ಒತ್ತಡದ ಎರಡು, ಮೂರು ಪಟ್ಟು. ಹೀಗೆ ಕನಿಷ್ಠ 15 ತಿಂಗಳು ನೆಲಮಾಳಿಗೆಯಲ್ಲಿ ಮಲಗಬೇಕು. ಆಮೇಲೆ ಬಾಟಲಿಯನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತ ತಲೆಕೆಳಗು ಮಾಡುತ್ತಾರೆ. ಗಸಿ ಕುತ್ತಿಗೆಗೆ ಇಳಿಯುತ್ತದೆ. ಕುತ್ತಿಗೆಯನ್ನಷ್ಟೇ ಹೆಪ್ಪುಗಟ್ಟಿಸಿ ಮುಚ್ಚಳ ತೆಗೆದರೆ ಗಸಿಯ ಗಡ್ಡೆ ಚಿಮ್ಮಿ ಹೊರಬೀಳುತ್ತದೆ. ಪ್ರೊಸೆಕೊದಲ್ಲಿ ಇದೇ ಎರಡನೆಯ ಹುದುಗು ದೊಡ್ಡ ಉಕ್ಕಿನ ಟ್ಯಾಂಕಿನಲ್ಲಿ ಕೆಲವೇ ವಾರಗಳಲ್ಲಿ ಮುಗಿಯುತ್ತದೆ. 1895ರಲ್ಲಿ ಇಟಲಿಯ ಫೆಡೆರಿಕೊ ಮಾರ್ಟಿನೊಟ್ಟಿ ಈ ವಿಧಾನಕ್ಕೆ ದಾರಿ ತೋರಿದ, 1907ರಲ್ಲಿ ಫ್ರಾನ್ಸಿನ ಯೂಜೀನ್ ಶಾರ್ಮಾ ಅದನ್ನು ಸುಧಾರಿಸಿದ. ಸಮಯ, ಕೂಲಿ, ಜಾಗ ಮೂರೂ ಉಳಿದದ್ದರಿಂದ ಬೆಲೆ ಇಳಿಯಿತು. ಬೆಲೆ ಇಳಿದ ಮೇಲೆ ಮದುವೆ, ಹೊಸವರ್ಷಕ್ಕೆ ಕಾಯುವ ಅಗತ್ಯವೇ ಉಳಿಯಲಿಲ್ಲ. ಅಪೆರಾಲ್ ಎಂಬ ಕಹಿ-ಸಿಹಿ ಮದ್ಯ ಮತ್ತು ಸೋಡಾ ಬೆರೆಸಿ, ಐಸ್ ಹಾಕಿ, ಕಿತ್ತಳೆಯ ಹೋಳಿಟ್ಟು ಕೊಡುವ ಸ್ಪ್ರಿಟ್ಸ್‌ಗೆ ಪ್ರೊಸೆಕೊ ಕೈಗೆಟಕುವ ಸಾಮಗ್ರಿಯಾಯಿತು. ಶಾಂಪೇನನ್ನು ಅದೇ ಬೆಲೆಗೆ ಹಾಗೆ ಬೆರೆಸಿ ಮಾರಲು ಯಾವ ಹೋಟೆಲಿಗೂ ಗಿಟ್ಟುವುದಿಲ್ಲ.

ಇದರ ಜೊತೆಗೆ ಕಾನೂನೂ ಬಂತು. 2009ರವರೆಗೆ ಪ್ರೊಸೆಕೊ ಎಂಬುದು ಒಂದು ದ್ರಾಕ್ಷಿ ತಳಿಯ ಹೆಸರಾಗಿತ್ತು. ಆ ವರ್ಷ ಇಟಲಿ ತಳಿಗೆ ಗ್ಲೆರಾ ಎಂಬ ಹೆಸರನ್ನು ಗಟ್ಟಿಮಾಡಿ, ಪ್ರೊಸೆಕೊ ಎಂಬ ಹೆಸರನ್ನು ಈಶಾನ್ಯದ ಒಂಬತ್ತು ಜಿಲ್ಲೆಗಳ ವೈನಿಗೆ ಮೀಸಲಿಟ್ಟಿತು. ಟ್ರಿಯೆಸ್ಟ್ ಬಳಿ ಪ್ರೊಸೆಕೊ ಎಂಬ ಊರಿದೆ. ಹೆಸರು ಸ್ಥಳದ್ದೆಂದು ತೋರಿಸಲು ಆ ಊರೂ ಒಳಗೆ ಬರುವಂತೆ ಗಡಿ ಎಳೆದರು. ಹೆಸರನ್ನು ಹೀಗೆ ಮೀಸಲಿಟ್ಟದ್ದನ್ನು ಒಪ್ಪದ ಆಸ್ಟ್ರೇಲಿಯಾದ ಬೆಳೆಗಾರರು ವರ್ಷಗಳ ಕಾಲ ಜಗಳವಾಡಿದರು. ಒಂದು ಹೆಸರಿನ ಒಡೆತನ ಯಾರ ಕೈಯಲ್ಲಿದೆ ಎಂಬುದು ಕೋಟ್ಯಂತರ ಬಾಟಲಿಗಳ ಪ್ರಶ್ನೆ.

ರುಚಿಗೆ ಪಾತ್ರವೇ ಇಲ್ಲವೇ ಎಂದು ಕೇಳಬಹುದು. ಖಂಡಿತ ಇದೆ. ಹತ್ತೊಂಬತ್ತನೆಯ ಶತಮಾನದ ಶಾಂಪೇನ್ ಬಲು ಸಿಹಿ, ರಷ್ಯಾಕ್ಕೆ ಹೋಗುತ್ತಿದ್ದದ್ದಂತೂ ಇನ್ನೂ ಸಿಹಿ. ಇಂಗ್ಲೆಂಡಿನವರಿಗೆ ಸಿಹಿ ಕಡಿಮೆಯದು ಬೇಕಿತ್ತು, ಶಾಂಪೇನ್ ತಯಾರಕಿ ಮದಾಮ್ ಪೊಮೆರಿ 1874ರ ಬೆಳೆಯಿಂದ ಅಂಥದ್ದನ್ನು ಮಾಡಿಕೊಟ್ಟಳು. ಅಂದರೆ ಗ್ರಾಹಕ ಕೇಳಬಲ್ಲ, ತಯಾರಕ ಕೊಡಬಲ್ಲ. ಆದರೆ ಪ್ರೊಸೆಕೊ ಸೀಮೆಯ ಕೊನೆಲ್ಯಾನೊ ಮತ್ತು ವಾಲ್ಡೊಬಿಯಾಡೆನೆ ಗುಡ್ಡಗಳ ರೈತರು ಹಲವು ತಲೆಮಾರುಗಳಿಂದ ಅದೇ ದ್ರಾಕ್ಷಿ ಬೆಳೆಯುತ್ತಿದ್ದರಲ್ಲ, ಆಗ ಲಂಡನ್ನಿನ ನಾಲಿಗೆ ಎಲ್ಲಿತ್ತು? ದ್ರಾಕ್ಷಿ ಹಳೆಯದೇ, ಅಗ್ಗದಲ್ಲಿ, ಒಂದೇ ಹೆಸರಿನಲ್ಲಿ, ರಾಶಿ ರಾಶಿಯಾಗಿ ಅಂಗಡಿಗೆ ಬಂದದ್ದು ಹೊಸದು. ಇನ್ನು, ಪ್ರೊಸೆಕೊ ಹಗುರ ಪಾನೀಯ, ಆರೋಗ್ಯಕ್ಕೆ ತೊಂದರೆಯಿಲ್ಲ ಎಂಬ ಮಾತನ್ನು ನಂಬಬೇಡಿ. ಶೇ 11ರ ಮದ್ಯವೂ ಮದ್ಯವೇ. ಮದ್ಯ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ಹೇಳಿದೆ.

ನನ್ನ ಚಿಂತೆ ಹೊಲದ ಕಡೆಯದು. ದ್ರಾಕ್ಷಿ ಬಳ್ಳಿ ನೆಟ್ಟು ಒಳ್ಳೆಯ ಫಸಲು ಕಾಣಲು ಮೂರು ವರ್ಷ ಬೇಕು, ಆಮೇಲೆ ಅದು ದಶಕಗಳ ಕಾಲ ನಿಲ್ಲುತ್ತದೆ. ಫ್ಯಾಷನ್ನಿಗೆ ಅಷ್ಟು ಆಯುಷ್ಯವಿಲ್ಲ. ಬೆಳೆ ಕೈಕೊಟ್ಟ ವರ್ಷಗಳಲ್ಲೂ ವ್ಯಾಪಾರಿಗಳು ಹೊರಗಿನ ಅಗ್ಗದ ದ್ರಾಕ್ಷಿ ತರಿಸಿ ಶಾಂಪೇನ್ ಎಂದು ಮಾರಿದಾಗ, 1911ರಲ್ಲಿ ಶಾಂಪೇನ್ ಪ್ರದೇಶದ ರೈತರು ದಂಗೆಯೆದ್ದು ಆಯಿ ಊರಿನ ವೈನ್ ಮನೆಗಳಿಗೆ ನುಗ್ಗಿ ಬೆಂಕಿಯಿಟ್ಟರು, ಸೈನ್ಯ ಬರಬೇಕಾಯಿತು. ಶಾಂಪೇನಿನ ಗಡಿ ಅಂತಿಮವಾಗಿ ನಿಗದಿಯಾದದ್ದು ಅದರ ನಂತರ, 1927ರಲ್ಲಿ. ಈಗ ಬೆಳೆಗಾರರೂ ವೈನ್ ಮನೆಗಳೂ ಒಟ್ಟಿಗೆ ಕೂತು ಪ್ರತಿ ವರ್ಷ ಎಷ್ಟು ಕೊಯ್ಯಬೇಕೆಂದು ತೀರ್ಮಾನಿಸುತ್ತಾರೆ. ಹೆಕ್ಟೇರಿಗೆ 2023ರಲ್ಲಿ 11,400 ಕಿಲೊ ಇದ್ದದ್ದು 2024ರಲ್ಲಿ 10,000, 2025ರಲ್ಲಿ 9,000 ಕಿಲೊಗೆ ಇಳಿಯಿತು. ಇದು ಬೆಲೆ ಏರಿಸುವ ಕೂಟವೆಂದು ಆಕ್ಷೇಪಿಸುವವರಿದ್ದಾರೆ. ಗ್ರಾಹಕನಿಗೆ ಒಂದಿಷ್ಟು ಹೊರೆಯಾಗುವುದು ನಿಜ. ಆದರೆ ಇಂಥ ಕಟ್ಟುಪಾಡು ಇಲ್ಲದ ಕಡೆ ಬೇಡಿಕೆ ಕುಸಿದಾಗ ಇಡೀ ಹೊರೆ ರೈತನೊಬ್ಬನ ಹೆಗಲಿಗೇ ಬೀಳುತ್ತದೆ. ಈ ಎರಡರಲ್ಲಿ ಯಾವುದು ನ್ಯಾಯ ಎಂಬುದರ ಬಗ್ಗೆ ನನಗೆ ಅನುಮಾನವಿಲ್ಲ.

ಈ ಪ್ರಶ್ನೆ ಕರ್ನಾಟಕಕ್ಕೂ ಸೇರಿದ್ದು. ನಂದಿ ಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದಲ್ಲಿ ಫ್ರೆಂಚ್ ತಳಿಗಳು ಬೇರೂರಿ ದಶಕಗಳೇ ಕಳೆದಿವೆ. ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯಿದೆ, ರಾಜ್ಯಕ್ಕೆ 2007ರಿಂದ ವೈನ್ ನೀತಿಯೂ ಇದೆ. ನೊರೆಯುಕ್ಕುವ ವೈನಿಗೆ ಬೇಡಿಕೆ ಬರುತ್ತಿದೆ, ಬಳ್ಳಿ ನೆಡಿ ಎಂದು ಚಿಕ್ಕಬಳ್ಳಾಪುರದ ರೈತರಿಗೆ ಹೇಳುವ ಮುನ್ನ ಸರ್ಕಾರ ಎರಡು ಕೆಲಸ ಮಾಡಲಿ: ವೈನರಿಗಳು ಕನಿಷ್ಠ ಬೆಲೆಯ ಬಹುವರ್ಷದ ಖರೀದಿ ಒಪ್ಪಂದಕ್ಕೆ ಸಹಿ ಹಾಕುವಂತೆ ಮಾಡಲಿ, ಎಷ್ಟು ಎಕರೆ ನೆಡಬೇಕೆಂದು ತೀರ್ಮಾನಿಸುವ ಸಭೆಯಲ್ಲಿ ಬೆಳೆಗಾರರಿಗೆ ಅರ್ಧದಷ್ಟು ಸ್ಥಾನ ಕೊಡಲಿ.